ಮೊದಲ ಕುದುರೆ ಸವಾರಿ ಪಾಠಕ್ಕೆ ಸಿದ್ಧತೆ ಹೇಗೆ?

ಪ್ರಶ್ನೆ (ದಾವಣಗೆರೆ): ಮುಂದಿನ ವಾರದಿಂದ ನಾನೂ ನನ್ನ 12 ವರ್ಷದ ಮಗಳೂ ಕುದುರೆ ಸವಾರಿ ಕಲಿಯಲಿದ್ದೇವೆ. ಸಿದ್ಧತೆಯ ಬಗ್ಗೆ ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ: ಪಾದರಕ್ಷೆಯ ವಿಷಯದಲ್ಲಿ ರಾಜಿ ಬೇಡ. ಸುಮಾರು 2 ಸೆಂ.ಮೀ. ಹಿಮ್ಮಡಿಯಿರುವ ಬೂಟು ಧರಿಸಿದರೆ ಪಾದವು ರಿಕಾಪಿನೊಳಗೆ (ಸವಾರ ಪಾದವಿಡಲು ಜೀನಿನಿಂದ ಇಳಿಬಿಟ್ಟ ಬಳೆ) ಜಾರಿ ಸಿಕ್ಕಿಕೊಳ್ಳುವ ಭಯ ಕಡಿಮೆ; ಮೊದಲ ದಿನ ನಾನು ಚಪ್ಪಟೆ ಅಡಿಯ ಕ್ಯಾನ್ವಾಸ್ ಶೂ ಹಾಕಿಕೊಂಡು ಹೋಗಿದ್ದಾಗ, ಕುದುರೆ ಹೆಜ್ಜೆ ಬದಲಿಸಿದ ಕ್ಷಣದಲ್ಲೇ ಎಡಗಾಲು ಕಣಕಾಲಿನವರೆಗೆ ಒಳಗೆ ನುಗ್ಗಿದ್ದನ್ನು ಇಂದಿಗೂ ಮರೆತಿಲ್ಲ. ಬೈಕಿನದಲ್ಲ, ಸವಾರಿಯದೇ ಹೆಲ್ಮೆಟ್ ಕೇಳಿ ಪಡೆಯಿರಿ.

ಮತ್ತೊಂದು ಉತ್ತರ (ಚಿತ್ರದುರ್ಗ): ಕುದುರೆಗೆ ತನ್ನ ನೇರ ಹಿಂದೆ ಇರುವುದು ಕಾಣದು, ಆದ್ದರಿಂದ ಹೆಗಲಿನ ಬದಿಯಿಂದ, ಮೆಲುದನಿಯಲ್ಲಿ ಮಾತನಾಡಿಸುತ್ತ ಹತ್ತಿರ ಹೋಗುವುದನ್ನು ಮಗಳಿಗೆ ಹೇಳಿಕೊಡಿ. ಕ್ಯಾರೆಟ್ ಕೊಡುವಾಗ ಅಂಗೈ ಚಪ್ಪಟೆಯಾಗಿರಲಿ. ನಮ್ಮ ಕಡೆಯ ಬಿಸಿಲಿಗೆ ಬೆಳಗಿನ ಪಾಠವೇ ಲೇಸು.

ಪ್ರಶ್ನಿಸಿದವರು: ಧನ್ಯವಾದಗಳು. ಇಬ್ಬರಿಗೂ ಬೂಟು ಇಂದೇ ತರುತ್ತೇನೆ.