ಸೂಪರ್ ಫ್ಯಾಮಿಕಾಮ್: ಆಟ ನಿಧಾನವಾಗುವುದು ಯಂತ್ರದ ದೋಷವೇ?

ಪ್ರಶ್ನೆ:
ಜಪಾನಿನಿಂದ ತರಿಸಿಕೊಂಡ ನಿಂಟೆಂಡೊ ಕಂಪನಿಯ ಗೇಮ್ ಕನ್ಸೋಲ್ ಸೂಪರ್ ಫ್ಯಾಮಿಕಾಮ್‌ನಲ್ಲಿ ಗ್ರಾಡಿಯಸ್ 3 ಎಂಬ ಬಾಹ್ಯಾಕಾಶ ಹಡಗಿನ ಶೂಟಿಂಗ್ ಆಟ ಆಡುತ್ತಿದ್ದೇನೆ. ಎರಡನೆಯ ಹಂತದಲ್ಲಿ ಗುಳ್ಳೆಗಳು ಪರದೆಯ ತುಂಬ ತೇಲಿಬಂದೊಡನೆ ಆಟ ತೀರಾ ನಿಧಾನವಾಗುತ್ತದೆ, ಕೆಲವು ಚಿತ್ರಗಳು ಮಿನುಗುತ್ತವೆ. ಅಡಾಪ್ಟರ್ 100 ವೋಲ್ಟಿನದಾದ್ದರಿಂದ ನಮ್ಮ 230 ವೋಲ್ಟಿಗೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬಳಸುತ್ತಿದ್ದೇನೆ. ವಿದ್ಯುತ್ ಸಾಲದೆ ಹೀಗಾಗುತ್ತಿದೆಯೇ, ಅಥವಾ ಕೆಪಾಸಿಟರ್‌ಗಳನ್ನು ಬದಲಿಸಬೇಕೇ?

ಉತ್ತರ:
ದಯವಿಟ್ಟು ಈಗಲೇ ಯಂತ್ರವನ್ನು ಬಿಚ್ಚಬೇಡಿ. ಮೊದಲು ಗುಳ್ಳೆಗಳ ನಡುವೆ ಹಡಗು ತೆವಳುತ್ತಿರುವಾಗ ಸಂಗೀತಕ್ಕೆ ಕಿವಿಗೊಡಿ. ಹಾಡು ಲಯ ತಪ್ಪದೆ ಸಾಗುತ್ತಿದ್ದರೆ ಯಂತ್ರ ಸರಿಯಾಗಿಯೇ ಇದೆ. ಧ್ವನಿಗೆಂದೇ ಅದರಲ್ಲಿ ಸೋನಿ ತಯಾರಿಸಿದ ಎಸ್‌ಪಿಸಿ700 ಎಂಬ ಬೇರೊಂದು ಪ್ರೊಸೆಸರ್ ಇದ್ದು, ಅದಕ್ಕೆ 64 ಕಿಲೋಬೈಟ್ ಮೆಮೊರಿಯೂ ತನ್ನದೇ ಕ್ಲಾಕ್ ಕೂಡ ಇರುವುದರಿಂದ, ಮುಖ್ಯ ಪ್ರೊಸೆಸರ್ ಹಿಂದೆ ಬಿದ್ದರೂ ಅದು ಕಾಯುವುದಿಲ್ಲ. ವಿದ್ಯುತ್ ಸಾಲದಿದ್ದರೆ ಚಿತ್ರ ಕದಡುತ್ತದೆ, ಇಲ್ಲವೇ ಆಟ ನಿಂತೇಹೋಗುತ್ತದೆ. ಹೀಗೆ ಒಂದೇ ಸಮನೆ ನಿಧಾನವಾಗುವುದಿಲ್ಲ.

ಮುಖ್ಯ ಪ್ರೊಸೆಸರಿನ ಗರಿಷ್ಠ ವೇಗ 3.58 ಮೆಗಾಹರ್ಟ್ಸ್, ಆದರೆ ಕಾರ್ಟ್ರಿಜ್‌ನಲ್ಲಿ ಅಗ್ಗದ ನಿಧಾನಗತಿಯ ಮೆಮೊರಿ ಚಿಪ್ ಇದ್ದರೆ ಅದನ್ನು ಓದುವಾಗ 2.68ಕ್ಕೆ ಇಳಿಯುತ್ತದೆ. 1990ರ ನವೆಂಬರಿನಲ್ಲಿ ಕನ್ಸೋಲ್ ಬಂದ ಮರುತಿಂಗಳೇ ಬಿಡುಗಡೆಯಾದ ಗ್ರಾಡಿಯಸ್ 3 ಅಂಥ ಚಿಪ್‌ನಲ್ಲಿದೆ. ಸೆಕೆಂಡಿನ ಅರವತ್ತನೆಯ ಒಂದು ಭಾಗದೊಳಗೆ ಪ್ರತಿಯೊಂದು ಗುಳ್ಳೆಯ ಚಲನೆಯನ್ನೂ ಡಿಕ್ಕಿಯನ್ನೂ ಲೆಕ್ಕಹಾಕಿ ಮುಗಿಸಲಾಗದಿದ್ದಾಗ ಆಟ ಮುಂದಿನ ಫ್ರೇಮಿನವರೆಗೆ, ಅಂದರೆ ಪರದೆಯ ಮೇಲೆ ಮುಂದಿನ ಚಿತ್ರ ಮೂಡುವವರೆಗೆ, ಕಾಯಬೇಕಾಗುತ್ತದೆ, ಆಗ ವೇಗ ಅರ್ಧಕ್ಕೆ ಕುಸಿಯುತ್ತದೆ. ಮಿನುಗುವಿಕೆಯೂ ಯಂತ್ರದ ಮಿತಿಯೇ: ಒಂದು ಅಡ್ಡಗೆರೆಯಲ್ಲಿ 32ಕ್ಕಿಂತ ಹೆಚ್ಚು ಸ್ಪ್ರೈಟ್‌ಗಳನ್ನು (ಹಿನ್ನೆಲೆಯ ಮೇಲೆ ಚಲಿಸುವ ಬಿಡಿ ಚಿತ್ರಗಳನ್ನು) ಅದು ಬರೆಯಲಾರದು.

ಇದೇ ಯಂತ್ರ 32,768 ಬಣ್ಣಗಳಿಂದ 256ನ್ನು ಆರಿಸಿ ಒಟ್ಟಿಗೆ ತೋರಿಸಬಲ್ಲದು, ಮೋಡ್ 7ರಲ್ಲಿ ಇಡೀ ಹಿನ್ನೆಲೆಯನ್ನು ತಿರುಗಿಸಿ ಹಿಗ್ಗಿಸಬಲ್ಲದು. ಪ್ರೊಸೆಸರಿನ ವೇಗಕ್ಕಿಂತ ಚಿತ್ರಕ್ಕೂ ಧ್ವನಿಗೂ ಹೆಚ್ಚು ಒತ್ತು ಕೊಟ್ಟದ್ದು ಸರಿಯಾದ ಆಯ್ಕೆಯೆಂದೇ ನನ್ನ ನಂಬಿಕೆ, ಏಕೆಂದರೆ ಲೆಕ್ಕದ ಕೊರತೆಯನ್ನು ಕಾರ್ಟ್ರಿಜ್‌ನೊಳಗಿನ ಚಿಪ್‌ನಿಂದ ತುಂಬಬಹುದಿತ್ತು. 1993ರ ಸ್ಟಾರ್ ಫಾಕ್ಸ್ ಸೂಪರ್ ಎಫ್‌ಎಕ್ಸ್ ಚಿಪ್‌ನೊಂದಿಗೆ ಅದನ್ನೇ ಮಾಡಿತು.

ಪ್ರಶ್ನೆ ಕೇಳಿದವರು:
ಕೇಳಿ ನೋಡಿದೆ, ಸಂಗೀತ ಒಂದಿಷ್ಟೂ ತಪ್ಪಲಿಲ್ಲ. ಟ್ರಾನ್ಸ್‌ಫಾರ್ಮರ್ ಭಾರವಾಗಿರುವುದರಿಂದ ಇಲ್ಲಿಯದೇ ಅಡಾಪ್ಟರ್ ಬಳಸಬಹುದೇ?

ಉತ್ತರ:
ಬಳಸಬಹುದು. ಮೂಲ ಅಡಾಪ್ಟರ್ ಕೊಡುವುದು 10 ವೋಲ್ಟ್ ಡಿಸಿ, 850 ಮಿಲಿಆಂಪಿಯರ್. ಅದರ ಪ್ಲಗ್‌ನ ನಡುಭಾಗ ನೆಗೆಟಿವ್, ನಮ್ಮ ಅಂಗಡಿಗಳಲ್ಲಿ ಸಿಗುವ ಬಹುಪಾಲು ಅಡಾಪ್ಟರ್‌ಗಳಲ್ಲಿ ಪಾಸಿಟಿವ್ ಇರುತ್ತದೆ. ಆದ್ದರಿಂದ ಚುಚ್ಚುವ ಮೊದಲು ಮಲ್ಟಿಮೀಟರ್ ಹಿಡಿದು ಖಚಿತಪಡಿಸಿಕೊಳ್ಳಿ.