ಬ್ಲಾಕಿನಲ್ಲಿ ಬರುವ ಲೆಕ್ಕ ಪಾಟಿಯ ಮೇಲೆ ಏಕೆ ಬರುವುದಿಲ್ಲ?

ಪ್ರಶ್ನೆ (ಶಿರಸಿಯಿಂದ, ಒಬ್ಬ ತಾಯಿ):
ಒಂದನೆಯ ತರಗತಿಯ ಮಗನಿಗೆ ಕೂಡುವ, ಕಳೆಯುವ ಲೆಕ್ಕವನ್ನು ಒಂದಕ್ಕೊಂದು ಸಿಕ್ಕಿಸುವ ಬ್ಲಾಕುಗಳಿಂದ ಕಲಿಸುತ್ತಿದ್ದೇನೆ. ಏಳಕ್ಕೆ ಐದು ಸೇರಿಸು ಎಂದರೆ ಎರಡೂ ರಾಶಿಗಳನ್ನು ಒಟ್ಟಿಗೆ ಸುರಿದು, ಒಂದರಿಂದ ಎಣಿಸಿ ಹನ್ನೆರಡು ಎನ್ನುತ್ತಾನೆ. ಅದನ್ನೇ ಪಾಟಿಯ ಮೇಲೆ ಬರೆದುಕೊಟ್ಟರೆ ನನ್ನ ಮುಖ ನೋಡುತ್ತಾನೆ. ಕಳೆಯುವ ಲೆಕ್ಕವಂತೂ ಐದು ನಿಮಿಷದಲ್ಲಿ ಗೋಪುರ ಕಟ್ಟುವ ಆಟವಾಗಿಬಿಡುತ್ತದೆ. ಬ್ಲಾಕು ಎತ್ತಿಟ್ಟು ಬಾಯಿಪಾಠ ಮಾಡಿಸು ಎನ್ನುತ್ತಾರೆ ಮನೆಯ ಹಿರಿಯರು. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ (ಕುಮಟಾದಿಂದ, ನಲಿ-ಕಲಿ ತರಗತಿಯ ಶಿಕ್ಷಕಿ):
ಬ್ಲಾಕುಗಳನ್ನು ಬಿಡಿಸಬೇಡಿ, ಒಂದರಿಂದ ಎಣಿಸುವುದನ್ನು ಬಿಡಿಸಿ. ಏಳೆಂದು ಗೊತ್ತಿರುವ ರಾಶಿಯನ್ನೇ ಮತ್ತೆ ಎಣಿಸುವವರೆಗೆ ಅದು ಎಣಿಕೆಯೇ ಹೊರತು ಸಂಕಲನವಲ್ಲ. ಮಕ್ಕಳು ಕಡಲ ದಂಡೆಯಿಂದ ಆರಿಸಿ ತಂದ ಕಪ್ಪೆಚಿಪ್ಪುಗಳಲ್ಲಿ ಏಳನ್ನು ಅವರೆದುರೇ ಎಣಿಸಿ ತೆಂಗಿನ ಕರಟದ ಕೆಳಗೆ ಮುಚ್ಚಿಟ್ಟು, ಐದನ್ನು ಮಾತ್ರ ಹೊರಗಿಟ್ಟು, ಒಟ್ಟು ಎಷ್ಟೆಂದು ನಾನು ಕೇಳುತ್ತೇನೆ. ಮುಚ್ಚಿದ್ದನ್ನು ಮುಟ್ಟಲಾಗದ ಮಗು ಏಳನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಎಂಟು, ಒಂಬತ್ತು ಎಂದು ಮುಂದುವರಿಯಲೇಬೇಕಾಗುತ್ತದೆ. ಕೆಲವರು ಕರಟ ಎತ್ತಿ ಇಣುಕುತ್ತಾರೆ, ಇಣುಕಲಿ. ಬ್ಲಾಕಿನಿಂದ ನೇರವಾಗಿ ಅಂಕಿಗೆ ಹಾರಬೇಡಿ, ನಡುವೆ ಚಿತ್ರವಿರಲಿ: ಜೋಡಿಸಿದ್ದನ್ನು ಅವನೇ ಚೌಕಗಳಾಗಿ ಬಿಡಿಸಿ, ಅದರ ಕೆಳಗೆ 7 + 5 ಎಂದು ಬರೆಯಲಿ.

ಉತ್ತರ (ಕಾರವಾರದಿಂದ):
ಚಿಪ್ಪಿಗಿಲ್ಲದ ಒಂದು ಗುಣ ಬ್ಲಾಕಿಗಿದೆ, ಅದನ್ನು ಸಿಕ್ಕಿಸಬಹುದು, ಮುರಿಯಬಹುದು. ಏಳು ಕೆಂಪು ಬ್ಲಾಕುಗಳದೊಂದು ಕೋಲು, ಐದು ಹಳದಿಯವುಗಳದೊಂದು ಕೋಲು ಮಾಡಿಸಿ. ಹಳದಿಯಿಂದ ಮೂರನ್ನು ಮುರಿದು ಕೆಂಪಿಗೆ ಸಿಕ್ಕಿಸಿದರೆ ಹತ್ತರ ಕೋಲು ಪೂರ್ಣವಾಗಿ ಎರಡು ಬಿಡಿ ಉಳಿಯುತ್ತವೆ. ಮರಳಿ ಹನ್ನೆರಡರಿಂದ ಐದು ಕಳೆಯುವಾಗ ಎರಡು ಬಿಡಿಗಳನ್ನು ಕೊಟ್ಟ ಮೇಲೆ ಹತ್ತರ ಕೋಲನ್ನು ಮುರಿಯದೆ ಗತ್ಯಂತರವಿಲ್ಲ. ಮುಂದೆ ದಶಕದಿಂದ ಎರವಲು ತರುವುದೆಂದರೆ ಇದೇ ಎಂದು ಆ ಟಕ್ ಎಂಬ ಸದ್ದೇ ಹೇಳಿಕೊಡುತ್ತದೆ. ಬ್ಲಾಕುಗಳೆಲ್ಲ ಒಂದೇ ಎತ್ತರದವಾಗಿರಲಿ. ಲೆಗೊದಲ್ಲಿ ಮೂರು ತೆಳು ಹಲಗೆಗಳು ಸೇರಿದರೆ ಒಂದು ದಪ್ಪ ಇಟ್ಟಿಗೆಯ ಎತ್ತರ. ಇದನ್ನು ಗಮನಿಸದೆ ಎರಡನ್ನೂ ಬೆರೆಸಿ ಕೊಟ್ಟಿದ್ದೆ. ಐದು ಹಲಗೆಗಿಂತ ಮೂರು ಇಟ್ಟಿಗೆಯೇ ಹೆಚ್ಚು ಎಂದು ಮಗಳು ವಾದಿಸಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ (ಅಂಕೋಲಾದಿಂದ):
ಮೇಲಿನ ಸಲಹೆ ಸರಿಯಾದರೂ ಸ್ವಲ್ಪ ಅವಸರದ್ದು. ಏಳಕ್ಕೆ ಮೂರು, ಆರಕ್ಕೆ ನಾಲ್ಕು ಎಂಬ ಹತ್ತರ ಜೋಡಿಗಳು ನಾಲಿಗೆಯ ತುದಿಗೆ ಬರುವ ಮೊದಲು ಹತ್ತು ದಾಟಿಸಿದರೆ ಮಗು ಮತ್ತೆ ಒಂದರಿಂದಲೇ ಎಣಿಸತೊಡಗುತ್ತದೆ. ಗೋಪುರವನ್ನೇಕೆ ತಡೆಯುತ್ತೀರಿ? ಒಂಬತ್ತರದೊಂದು, ಆರರದೊಂದು ಗೋಪುರವನ್ನು ಅಕ್ಕಪಕ್ಕ ನಿಲ್ಲಿಸಿ, ಯಾವುದು ಎಷ್ಟು ಹೆಚ್ಚು ಎಂದು ಕೇಳಿ. ಅಲ್ಲಿ ಯಾವ ಬ್ಲಾಕನ್ನೂ ತೆಗೆಯುವುದಿಲ್ಲ, ಆದರೂ ಅದು ವ್ಯವಕಲನವೇ. ಕಳೆಯುವುದೆಂದರೆ ಕಿತ್ತುಹಾಕುವುದು ಎಂದಷ್ಟೇ ಕಲಿತವರಿಗೆ ವ್ಯತ್ಯಾಸ ಕೇಳುವ ಲೆಕ್ಕಗಳು ಮುಂದೆ ತೊಡಕಾಗುತ್ತವೆ.

ಪ್ರಶ್ನೆ ಕೇಳಿದವರಿಂದ:
ಕರಟದ ಕೆಳಗೆ ಎರಡು ದಿನ ಇಣುಕಿದವನು ಮೂರನೆಯ ದಿನ ಇಣುಕದೆ ಹನ್ನೆರಡು ಎಂದ. ಗೋಪುರಗಳನ್ನು ನೋಡಿ, "ಇದಕ್ಕೆ ಇನ್ನೂ ಮೂರು ಬೇಕು" ಎಂದು ತಾನೇ ಹೇಳಿ, ಚಿತ್ರ ಬಿಡಿಸಿ, ಕೆಳಗೆ 6 - 9 ಎಂದು ಬರೆದಿದ್ದಾನೆ. ಸದ್ಯಕ್ಕೆ ತಿದ್ದಿಲ್ಲ.