ಸಹಾಯ ಬೇಕು: ಎಂಜಿನ್ ಆಯಿಲ್ ಬೇಗ ಕಡಿಮೆಯಾಗುತ್ತಿದೆ, ಗ್ರೇಡ್ ಬದಲಿಸಬಹುದೇ?

ಎಲ್ಲರಿಗೂ ನಮಸ್ಕಾರ. ನನ್ನ ಹಳೆಯ ಪೆಟ್ರೋಲ್ ಕಾರು ಈಚೆಗೆ ಪ್ರತಿ 1000 ಕಿಲೋಮೀಟರಿಗೆ ಸುಮಾರು ಮುಕ್ಕಾಲು ಲೀಟರ್ ಎಂಜಿನ್ ಆಯಿಲ್ ಕುಡಿಯುತ್ತಿದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಸ್ವಲ್ಪ ಹೊತ್ತಾದ ಮೇಲೆಯೇ ಡಿಪ್‌ಸ್ಟಿಕ್ ನೋಡುತ್ತಿರುವುದರಿಂದ ಅಳತೆಯ ಬಗ್ಗೆ ಅನುಮಾನವಿಲ್ಲ. ಹೊರಗೆ ಸೋರಿಕೆಯಿಲ್ಲ, ಕೂಲೆಂಟ್‌ನಲ್ಲಿ ಎಣ್ಣೆಯ ಅಂಶವೂ ಕಾಣುವುದಿಲ್ಲ. ಆದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೂ, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು ಮತ್ತೆ ಒತ್ತಿದಾಗಲೂ ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ. ಇದು ಪಿಸ್ಟನ್ ರಿಂಗ್‌ಗಳಿಗಿಂತ ವಾಲ್ವ್ ಸೀಲ್‌ಗಳ (ವಾಲ್ವ್ ಮೂಲಕ ಎಣ್ಣೆ ಸಿಲಿಂಡರಿಗೆ ಇಳಿಯದಂತೆ ತಡೆಯುವ ಸೀಲ್‌ಗಳ) ಸವೆತದ ಲಕ್ಷಣವೆಂದು ನನ್ನ ಅಂದಾಜು.

ಕಾರಿನ ಕೈಪಿಡಿ 5ಡಬ್ಲ್ಯೂ-30 ಗ್ರೇಡ್ (ಮೊದಲ ಅಂಕಿ ತಣ್ಣಗಿರುವಾಗಿನ, ಎರಡನೆಯದು ಬಿಸಿಯಾದಾಗಿನ ದಪ್ಪವನ್ನು ಸೂಚಿಸುತ್ತದೆ) ಬಳಸಲು ಹೇಳುತ್ತದೆ. ಮೆಕ್ಯಾನಿಕ್ 20ಡಬ್ಲ್ಯೂ-50 ಹಾಕಿದರೆ ಸಾಕು ಎನ್ನುತ್ತಾರೆ. ಅಷ್ಟು ದಪ್ಪ ಎಣ್ಣೆ ತಣ್ಣಗಿನ ಎಂಜಿನ್ನಿನಲ್ಲಿ ಮೇಲಿನ ಭಾಗಗಳಿಗೆ ತಡವಾಗಿ ತಲುಪುತ್ತದೆ, ಅಲ್ಲದೆ ಎಣ್ಣೆಯ ಒತ್ತಡದಿಂದಲೇ ಕೆಲಸ ಮಾಡುವ ವೇರಿಯಬಲ್ ವಾಲ್ವ್ ಟೈಮಿಂಗ್ (ವಾಲ್ವ್ ತೆರೆದು ಮುಚ್ಚುವ ಸಮಯ ಬದಲಿಸುವ) ವ್ಯವಸ್ಥೆ ನನ್ನ ಎಂಜಿನ್ನಿನಲ್ಲಿ ಇರುವುದರಿಂದ ಈ ಸಲಹೆಯನ್ನು ಒಪ್ಪಲು ಮನಸ್ಸು ಬರುತ್ತಿಲ್ಲ. ತಣ್ಣಗಿರುವಾಗ 5ಡಬ್ಲ್ಯೂ-30ರಷ್ಟೇ ಸಲೀಸಾಗಿ ಹರಿದು, ಬಿಸಿಯಾದಾಗ ಮಾತ್ರ ತುಸು ದಪ್ಪವಾಗಿ ಉಳಿಯುವ 5ಡಬ್ಲ್ಯೂ-40 ಸೂಕ್ತವೆನಿಸುತ್ತದೆ.

ಇಂಥದೇ ತೊಂದರೆಯಲ್ಲಿ 30ರಿಂದ 40ಕ್ಕೆ ಬದಲಾಯಿಸಿದವರಿಗೆ ಎಣ್ಣೆಯ ಖರ್ಚು ನಿಜವಾಗಿಯೂ ತಗ್ಗಿತೇ? ಕಂಪ್ರೆಷನ್ ಪರೀಕ್ಷೆ (ಸಿಲಿಂಡರಿನೊಳಗಿನ ಒತ್ತಡದ ಅಳತೆ) ಮಾಡಿಸಿ, ಪಿಸಿವಿ ವಾಲ್ವ್ (ಎಂಜಿನ್ ಒಳಗೆ ಸೇರುವ ಅನಿಲವನ್ನು ಹೊರಹಾಕುವ ವಾಲ್ವ್) ಕಟ್ಟಿಕೊಂಡಿದೆಯೇ ಎಂದು ನೋಡಿದ ನಂತರವೇ ಆಯಿಲ್ ಬದಲಿಸುವುದು ಸರಿಯೇ? ಸಿಲಿಂಡರ್ ಹೆಡ್ ಬಿಚ್ಚದೆ ವಾಲ್ವ್ ಸೀಲ್ ಬದಲಿಸಿದ ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಿ. ಎಣ್ಣೆ ಹೀಗೆಯೇ ಉರಿಯುತ್ತಿದ್ದರೆ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಹಾಳಾಗುತ್ತದೆಂಬ ಆತಂಕ ನನಗಿದೆ.